ತೆಗ್ಯದು ಬುಡಿ

ಮೊದಲು ಕಿತ್ತದ್ದು ಸಿಮೆಂಟು. ಹಿಂದಿನ ಮಾಲೀಕರು ಗಟ್ಟಿಯಾಗಲಿ ಎಂದು ಮಣ್ಣಿನ ಗೋಡೆಗೆ ಹೊರಗಿನಿಂದ ಸಿಮೆಂಟು ಮೆತ್ತಿಸಿದ್ದರು. ಒಳಗಿನ ತೇವಕ್ಕೆ ಹೊರಗೆ ಹೋಗುವ ದಾರಿಯಿಲ್ಲದೆ ಗೋಡೆ ಬುಡದಿಂದ ಕೊಳೆತಿತ್ತು. ಉಳಿ ಇಟ್ಟು ಒಂದು ಏಟು ಹಾಕಿದರೆ ಸಿಮೆಂಟು ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಅದರ ಹಿಂದೆ ಒದ್ದೆ ಮಣ್ಣು, ಮಣ್ಣಿನ ತುಂಬ ಗೆದ್ದಲಿನ ಗೆರೆಗಳು. ಬೆತ್ತಲಾದ ಗೋಡೆಯನ್ನು ಬಿಸಿಲಿಗೆ ಒಣಗಲು ಬಿಟ್ಟು ನಾವು ಹೆಂಚಿನ ಕೆಲಸಕ್ಕೆ ಹೋದೆವು.

ಮನೆ ಇದ್ದದ್ದು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯಿಂದ ಒಳಗೆ, ಊರು ದಾಟಿದ ಮೇಲೆ, ಹೊಲಗಳ ನಡುವೆ. ಮಧ್ಯದಲ್ಲಿ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಮೂಲೆಗೊಂದರಂತೆ ಕೆತ್ತನೆಯ ನಾಲ್ಕು ಮರದ ಕಂಬ, ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಸುತ್ತಲೂ ನಾಡಹೆಂಚಿನ ಸೂರು. ವಾಸಕ್ಕೆಂದು ನಾನು ಅದನ್ನು ಕೊಂಡಿರಲಿಲ್ಲ. ಮದುವೆ ಮುರಿದು ಮೈಸೂರಿನ ಫ್ಲಾಟು ಮಾರಿದಾಗ ನನ್ನ ಪಾಲಿಗೆ ಬಂದದ್ದನ್ನೆಲ್ಲ ಇದಕ್ಕೆ ಹಾಕಿದ್ದೆ. ದುರಸ್ತಿ ಮಾಡಿಸಿ ಗುತ್ತಿಗೆಗೆ ಕೊಡುವುದು, ಬರುವ ಬಾಡಿಗೆಯಲ್ಲಿ ಎಲ್ಲಾದರೂ ಒಂದು ಸಣ್ಣ ಮನೆ ಹಿಡಿಯುವುದು ನನ್ನ ಯೋಚನೆ. ಬೇರೆ ಯೋಚನೆ ಇರಲಿಲ್ಲ. ಬೇರೆ ಮನೆಯೂ ಇರಲಿಲ್ಲ. ಕೆಲಸ ನಡೆಯುವಷ್ಟು ದಿನ ಮುಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಗ್ಯಾಸ್ ಒಲೆ ಇಟ್ಟುಕೊಂಡು ಅಲ್ಲೇ ಉಳಿದೆ.

ಗುತ್ತಿಗೆಗೆ ಕೇಳಿದವರು ವಯನಾಡಿನ ಕಡೆಯ ಒಬ್ಬರು. ಆ ಕಡೆಯಿಂದ ಜನ ಕಾರು ಮಾಡಿಕೊಂಡು ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲಗಳನ್ನು ನೋಡಲು ಬರುತ್ತಾರೆ, ಫೋಟೋ ತೆಗೆಸಿಕೊಂಡು ರಾತ್ರಿ ಬಂಡೀಪುರದ ಕಾಡಿನ ರಸ್ತೆಗೆ ಗೇಟು ಹಾಕುವ ಮೊದಲು ವಾಪಸು ಓಡುತ್ತಾರೆ. ಅವರನ್ನು ಒಂದು ರಾತ್ರಿ ಉಳಿಸಿಕೊಳ್ಳುವುದು ಇವರ ವ್ಯಾಪಾರ. ಅರ್ಧ ಹೆಂಚಿಲ್ಲದ ತೊಟ್ಟಿಯಲ್ಲಿ ನಿಂತು ಮೇಲೆ ಕೆಳಗೆ ನೋಡಿದರು.

“ಈ ನಾಲ್ಕು ಕಂಬ ಉಂಟಲ್ಲ ಟೀಚರೇ, ಇದಕ್ಕೇ ನಾನು ಎಗ್ರಿಮೆಂಟ್ ಮಾಡುದು. ಕಾಂಕ್ರೀಟ್ ರೂಮು ನಮ್ಮಲ್ಲೇ ಬೇಕಾದಷ್ಟು ಉಂಟು. ಸೂರ್ಯಕಾಂತಿ ಹೂ ಬಿಡುವ ಮುಂಚೆ ನನಗೆ ಮನೆ ಬಿಟ್ಟುಕೊಡಬೇಕು. ಹೂ ಹೋದ ಮೇಲೆ ಬೇಡ.”

ನಾನು ಟೀಚರ್ ಅಲ್ಲ ಎಂದು ಹೇಳಲಿಲ್ಲ. ಪಕ್ಕದ ಹೊಲದಲ್ಲಿ ಆಗ ಉಳುಮೆ ನಡೆಯುತ್ತಿತ್ತು. ನನಗಿದ್ದ ಗಡುವು ಆ ಹೊಲವೇ.

ಕೆಲಸಕ್ಕೆ ಇದ್ದವರು ಕುದೇರಿನ ಕಡೆಯ ಒಬ್ಬ ಮೇಸ್ತ್ರಿ, ಅವನ ಇಬ್ಬರು ಆಳು, ಮಣ್ಣು ಕಲಸಿ ಹೊರುವ ಅವನ ನಾದಿನಿ. ಮೊದಲ ದಿನವೇ ನಾನು ನಗೆಪಾಟಲಾದೆ. ಎಷ್ಟು ವರ್ಷ ಮೈಸೂರಿನಲ್ಲಿದ್ದರೂ ಅವಸರದಲ್ಲಿ ನನ್ನ ಬಾಯಿಗೆ ಬರುವುದು ಧಾರವಾಡದ ಮಾತೇ. “ಗೌಂಡಿ ಎಲ್ಲಿ ಹೋದ್ರೀ?” ಎಂದು ಕೇಳಿದೆ. ನಾದಿನಿ ಬಾಣಲಿ ಕೆಳಗಿಟ್ಟಳು.

“ಗೌಂಡಿ ಅಂದ್ರೆ ಏನ್ ಮೇಡಮ್ನೋರೆ, ಬೈಗುಳನಾ?”

“ನಿಮ್ ಬಾವ. ಗಾರೆ ಕೆಲಸ ಮಾಡೋರಿಗೆ ನಮ್ಮ ಕಡೆ ಹಂಗಂತಾರ.”

“ಬಾವ, ಗೌಂಡಿ ಬಾವ, ಬಾರಪ್ಪ, ಕರಿತಾವ್ರೆ ನಿನ್ನ,” ಎಂದು ಅವಳು ಕೂಗಿದಳು. ಅವತ್ತೆಲ್ಲ ಅವಳು ಪ್ರತಿ ಮಾತಿಗೂ ‘ರೀ’ ಸೇರಿಸಿದಳು. “ಮಣ್ ಕಲಸ್ಲೇನ್ರೀ, ನೀರ್ ಆಕ್ಲೇನ್ರೀ.” ನಾನೂ ನಕ್ಕೆ. ಮಾರನೆಯ ದಿನದಿಂದ ನಾನೇ ಅವರ ಮಾತು ಆಡತೊಡಗಿದೆ. ‘ಹ’ ನುಂಗಿದೆ, ‘ಬಿಡಿ’ ಎನ್ನುವಲ್ಲೆಲ್ಲ ‘ಬುಡಿ’ ಎಂದೆ. ಅವರು ನಗುತ್ತಿದ್ದರು, ತಿದ್ದುತ್ತಿದ್ದರು. ಆ ಹೊತ್ತಿಗೆ ನಾನು ಕೆಲಸ ಮಾಡಿಸುವವಳಲ್ಲ, ಅವರ ಜೊತೆ ಕೂತವಳು ಅನ್ನಿಸುತ್ತಿತ್ತು. ಸಂಜೆ ಅವರ ಗಾಡಿಗಳ ಸದ್ದು ರಸ್ತೆಗೆ ಇಳಿದ ಮೇಲೆ ಮಾರನೆಯ ಬೆಳಿಗ್ಗೆಯವರೆಗೆ ನಾನು ಬಾಯಿ ತೆರೆಯುತ್ತಿದ್ದದ್ದು ಊಟಕ್ಕೆ ಮಾತ್ರ. ಆದ್ದರಿಂದ ಹಗಲು ಕಲಿತ ಮಾತನ್ನು ಒಲೆಯ ಮುಂದೆ ಕೂತು ಸಣ್ಣಗೆ ಹೇಳಿಕೊಳ್ಳುತ್ತಿದ್ದೆ. ಓಗನ, ಬರನ, ಮಾಡ್ಬುಟ್ಟೆ. ಒಮ್ಮೆ ನಾದಿನಿ ಕೇಳಿದಳು, “ಒಬ್ರೇ ಪರದೇಸಿ ಅಂಗೆ ಇಲ್ಲಿರ್ತೀರಲ್ಲ, ಬಯ ಆಗಲ್ವಾ?” ಹೊರಗಿನವಳು ಎಂದು ಅಂದಳೋ, ಯಾರೂ ಇಲ್ಲದವಳು ಎಂದು ಅಂದಳೋ, ನಾನು ಕೇಳಲಿಲ್ಲ.

ಹೆಂಚು ಇಳಿಸಿ, ತೊಳೆದು, ಒಡೆದದ್ದನ್ನು ಬೇರೆ ಮಾಡಿ, ಮೂರು ಕಡೆಯ ಸೂರು ಮುಗಿಸಿದೆವು. ಅಡುಗೆಮನೆ ಕಡೆಯದು ಉಳಿದಿತ್ತು. ಅಲ್ಲಿಯ ಮೂಲೆಯ ಕಂಬದ ಬುಡಕ್ಕೆ ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ಬಡಿದ. ಉಳಿದ ಮೂರು ಕಂಬ ಟಣ್ ಎಂದಿದ್ದವು. ಇದು ತಮಟೆಯ ಹಾಗೆ ಸದ್ದು ಮಾಡಿತು.

“ಒಳಗೆಲ್ಲ ಪೊಳ್ಳು ಕಣ್ ಮೇಡಮ್ನೋರೆ. ಗೆದ್ಲು ತಿಂದ್ಬುಟ್ಟದೆ. ತೆಗ್ದಾಕಿ ಕಾಂಕ್ರೀಟ್ ಕಂಬ ನಿಲ್ಸನ. ಮರದ್ ಬಣ್ಣ ಒಡುದ್ರೆ ನಿಮ್ ಕೇರಳದೋರ್ಗೆ ಗೊತ್ತಾಗಲ್ಲ.”

ಸರಿ ಎಂದೆ. ಯಾಕೆ ಅಷ್ಟು ಬೇಗ ಸರಿ ಎಂದೆ ಎಂದು ಈಗ ಕೇಳಿಕೊಳ್ಳುತ್ತೇನೆ. ಪಕ್ಕದ ಹೊಲದಲ್ಲಿ ಬಿತ್ತನೆ ಮುಗಿದಿತ್ತು, ಅದೊಂದು ಕಾರಣ. ಅವನ ಮಾತಿಗೆ ಎದುರಾಡಿ ಮಧ್ಯಾಹ್ನದ ಟೀ ಹೊತ್ತಿನ ನಗು ಕೆಡಿಸಿಕೊಳ್ಳಲು ಮನಸ್ಸಿರಲಿಲ್ಲ, ಅದು ಇನ್ನೊಂದು ಕಾರಣವಿರಬಹುದು.

ಮಾರನೆಯ ದಿನ ಹೆಂಚು ಕೂರಿಸುವ ಮರದ ಪಟ್ಟಿ, ಹಳೆಯ ರೀಪರು, ತರಲು ಮೈಸೂರಿಗೆ ಹೋದೆ. ಕೆಡವಿದ ಮನೆಗಳ ಮರ ಮಾರುವ ಅಂಗಡಿ ಅದು. ಗೋಡೆಗೆ ಒರಗಿಸಿದ್ದ ಕಂಬಗಳೆಲ್ಲ ಒಂದೇ ರೀತಿ ಬುಡ ಕತ್ತರಿಸಿಕೊಂಡು ನಿಂತಿದ್ದವು. ಅಂಗಡಿಯವನು, “ಬುಡ ಹೋಗಿರ್ತದೆ, ಮೇಲೆ ಏನೂ ಆಗಿರಲ್ಲ. ಕತ್ತರಿಸಿ ಮಾರ್ತೀವಿ,” ಎಂದ. ನಮ್ಮ ಕಂಬದ ಬುಡಕ್ಕೆ ಮಾತ್ರ ಬಡಿದು ನೋಡಿದ್ದು ಆಗ ನೆನಪಾಯಿತು. ಮೇಲೆ ನೋಡಿಯೇ ಇರಲಿಲ್ಲ. ಅಲ್ಲೇ ನಿಂತು ಮೇಸ್ತ್ರಿಗೆ ಫೋನ್ ಮಾಡಿದೆ. ನನ್ನ ಕಡೆ ಮರ ಕೊಯ್ಯುವ ಯಂತ್ರ ಕೂಗುತ್ತಿತ್ತು, ಅವನ ಕಡೆ ಟ್ರ್ಯಾಕ್ಟರು.

“ಮೇಸ್ತ್ರಿ, ಆ ಕಂಬ ತೆಗ್ಯದು ಬುಡಿ.”

“ಯಾವ್ದು?”

“ಅಡುಗೆಮನೆ ಕಡೇದು. ತೆಗ್ಯದು ಬುಡಿ.”

“ಸರಿ ಬುಡಿ ಮೇಡಮ್ನೋರೆ.”

ಹೀಗೆಂದೇ ನಾನು ಡೈರಿಯಲ್ಲಿ ಬರೆದಿದ್ದೇನೆ. ಆದರೆ ಬರೆದದ್ದು ಎಲ್ಲ ಆದ ಮೇಲೆ. ಆಗ ನನಗೆ ಬೇಕಾದಂತೆ ನೆನಪಾಗಿರಲು ಸಾಧ್ಯವಿದೆ. ತೆಗೆಯುವುದನ್ನು ಬಿಡಿ ಎನ್ನುವುದು ಅವರ ಬಾಯಲ್ಲಿ ‘ತೆಗ್ಯದ್ ಬುಡಿ’. ತೆಗೆದುಬಿಡಿ ಎನ್ನುವುದು ‘ತೆಗ್ದ್ ಬುಡಿ’. ನಡುವೆ ಇರುವುದು ಒಂದು ಮೆತ್ತಗಿನ ಯಕಾರ. ಕಲಿತ ನಾಲಿಗೆಯಲ್ಲಿ, ಗರಗಸದ ಸದ್ದಿನಲ್ಲಿ ಆ ಯಕಾರ ನನ್ನಿಂದ ಹೊರಟಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಸಂಜೆ ಬಸ್ಸಿಳಿದು ಹೊಲದ ದಾರಿಯಲ್ಲಿ ಬರುವಾಗ ದೂರದಿಂದಲೇ ಸೂರಿನ ಗೆರೆ ಓರೆಯಾಗಿ ಕಂಡಿತು. ನನ್ನ ಕಣ್ಣೇ ಓರೆಯೇನೋ ಎಂದುಕೊಂಡು ಇನ್ನಷ್ಟು ಹತ್ತಿರ ಬಂದೆ. ಅಡುಗೆಮನೆ ಕಡೆಯ ತೊಲೆ ಒಂದು ತುದಿಯಲ್ಲಿ ಜಾರಿ ಗೋಡೆಯ ಮೇಲೆ ಕೂತಿತ್ತು. ಮುಗಿಸಿದ್ದ ಸೂರಿನಲ್ಲೂ ಒಂದು ಪಾಲು ಅದರ ಜೊತೆ ಇಳಿದಿತ್ತು. ತೊಟ್ಟಿಯ ತುಂಬ ಹೆಂಚಿನ ಚೂರು. ಒಣಗುತ್ತಿದ್ದ ಗೋಡೆಯಲ್ಲಿ ಕೈ ಹೋಗುವಷ್ಟು ಬಿರುಕು. ಕಂಬ ತೊಟ್ಟಿಯಲ್ಲಿ ಅಡ್ಡ ಮಲಗಿತ್ತು. ಮೇಸ್ತ್ರಿ ಜಗಲಿಯಲ್ಲಿ ಕೂತಿದ್ದ. ನಾದಿನಿಯ ಮೊಣಕೈ ತರಚಿತ್ತು, ಅರಿಶಿನ ಮೆತ್ತಿಕೊಂಡಿದ್ದಳು. ಬೇರೆ ಯಾರಿಗೂ ಏನೂ ಆಗಿರಲಿಲ್ಲ.

“ಬ್ಯಾಡ ಅಂದಿದ್ನಲ್ಲ ಮೇಸ್ತ್ರಿ.”

“ಎಲ್ ಅಂದ್ರಿ? ತೆಗ್ದ್ಬುಡಿ ಅಂತ ಎಲ್ಡೆಲ್ಡ್ ಸತಿ ಅಂದ್ರಿ.”

“ತೆಗ್ಯದು ಬುಡಿ ಅಂದೆ.”

“ಅದ್ನೇ ಕಣ್ ಮೇಡಮ್ನೋರೆ ನಾನೂ ಏಳ್ತಿರದು. ಅಂದ್ರಿ, ತೆಗ್ದೊ.”

“ತೊಲೆಗೆ ಎಷ್ಟು ಕಡೆ ಊರುಗೋಲು ಕೊಟ್ಟಿದ್ರಿ?”

ಅವನು ಊರುಗೋಲಾಗಿ ಕೊಟ್ಟಿದ್ದ ಒಂದೇ ಒಂದು ಬೊಂಬಿನ ಕಡೆ ನೋಡಿದ. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. “ಕನ್ನಡ ಅರ್ಥ ಆಗಲ್ವಾ ನಿಮಗೆ?” ಎಂದೆ.

ಅವನು ಎದ್ದು ಕರಣೆ, ಮಟ್ಟದ ಕೋಲು ಚೀಲಕ್ಕೆ ಹಾಕಿಕೊಂಡ. “ನಮ್ ಕನ್ನಡ ನಮ್ಗೆ ಆಯ್ತದೆ. ನಿಮ್ದೂ ಅಂಗೂ ಇಂಗೂ ಆಯ್ತದೆ. ನಮ್ದು ನಿಮ್ ಬಾಯಲ್ ಬಂದ್ರೆ ಮಾತ್ರ ಆಗಲ್ಲ,” ಎಂದ. ನಾದಿನಿ ನನ್ನ ಕಡೆ ನೋಡದೆ ಅವನ ಗಾಡಿ ಹತ್ತಿದಳು. ಮಾರನೆಯ ದಿನ ಯಾರೂ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಫೋನ್ ಎತ್ತಲಿಲ್ಲ.

ಅಷ್ಟರಲ್ಲಿ ಮಳೆ. ಬಿತ್ತಿದವರೆಲ್ಲ ಕಾಯುತ್ತಿದ್ದ ಮಳೆ, ಮಧ್ಯಾಹ್ನ ಗಾಳಿ ಎಬ್ಬಿಸಿಕೊಂಡು ಬಂತು. ಸಿಮೆಂಟು ಕಿತ್ತ ಮಣ್ಣಿನ ಗೋಡೆಗೆ ಸೂರಿಲ್ಲ. ನೀರು ಬಿರುಕಿಗೆ ಇಳಿದರೆ ಗೋಡೆ ಕರಗುತ್ತದೆ, ಗೋಡೆ ಹೋದರೆ ತೊಲೆ, ಅದರ ಹಿಂದೆ ಉಳಿದ ಮೂರು ಕಡೆ. ಟಾರ್ಪಾಲನ್ನು ಎಳೆದು ಒಂದು ತುದಿ ಕಿಟಕಿಗೆ ಕಟ್ಟಿದೆ. ಇನ್ನೊಂದು ತುದಿ ಹಿಡಿಯಲು ಆ ಕಡೆ ಒಬ್ಬರು ಬೇಕಿತ್ತು. ಹಿಡಿಯುವವರಿಲ್ಲದೆ ಅದನ್ನು ಕಲ್ಲಿಗೆ ಕಟ್ಟಿ ಗೋಡೆಯ ಮೇಲಿಂದ ಎಸೆದೆ, ಗಾಳಿ ವಾಪಸು ಕೊಟ್ಟಿತು, ಮತ್ತೆ ಎಸೆದೆ. ಒಮ್ಮೆ ನಿಂತಿತು. ಗುದ್ದಲಿ ಹಿಡಿದು ಗೋಡೆಯ ಬುಡದಿಂದ ನೀರು ಆಚೆ ಹೋಗುವಂತೆ ಕಾಲುವೆ ತೆಗೆದೆ. ಗೋಡೆ ಉಳಿಯಿತು. ಹೇಳೋಣ ಎಂದರೆ ಕೇಳುವವರಿರಲಿಲ್ಲ. “ಉಳ್ಕಂತು ಬುಡು,” ಎಂದು ನನಗೆ ನಾನೇ ಅಂದೆ. ಯಾರ ಮಾತು ಅದು ಎಂದು ಆಮೇಲೆ ಯೋಚಿಸಿದೆ.

ಮಳೆ ನಿಂತ ಮೇಲೆ ತೊಟ್ಟಿಯಲ್ಲಿ ಮಲಗಿದ್ದ ಕಂಬದ ಪಕ್ಕ ಕೂತು ಸ್ಕ್ರೂಡ್ರೈವರಿನಿಂದ ಬುಡದಿಂದ ತಲೆಯವರೆಗೆ ಚುಚ್ಚುತ್ತಾ ಹೋದೆ. ಮೊಣಕಾಲೆತ್ತರದವರೆಗೆ ಅದು ಬೆಣ್ಣೆಗೆ ಹೋದಂತೆ ಹೋಯಿತು. ಅಲ್ಲಿಂದ ಮೇಲೆ ಇಳಿಯಲೇ ಇಲ್ಲ. ಕೆತ್ತನೆ ಇದ್ದ ಭಾಗ ಪೂರ್ತಿ ಗಟ್ಟಿ. ಬುಡ ಕತ್ತರಿಸಿ, ಕಡಿಮೆಯಾದಷ್ಟು ಎತ್ತರದ ಕಲ್ಲನ್ನು ಕೆಳಗೆ ಕೊಟ್ಟರೆ ಕಂಬ ಮತ್ತೆ ನಿಲ್ಲುತ್ತದೆ. ಇದನ್ನು ನಾನು ಕಂಡುಕೊಂಡೆ ಎಂದು ಆಗ ಹೆಮ್ಮೆಯಾಗಿತ್ತು. ಅಂಗಡಿಯ ಕಂಬಗಳನ್ನು ನೋಡಿರದಿದ್ದರೆ ಹೊಳೆಯುತ್ತಿತ್ತೇ ಎಂದರೆ ಹೇಳಲಾರೆ.

ಗುಂಡ್ಲುಪೇಟೆಯಿಂದ ಒಬ್ಬ ಕಂಟ್ರಾಕ್ಟರನ್ನು ಕರೆಸಿದೆ. ಅವನು ಬೂಟು ಕಾಲಲ್ಲಿ ಹೆಂಚಿನ ಚೂರು ಸರಿಸಿಕೊಂಡು ಓಡಾಡಿದ. “ಇದನ್ನೆಲ್ಲ ಯಾಕ್ ತಲೆ ಮೇಲ್ ಹೊತ್ಕೊಂಡಿದ್ದೀರಿ ಮೇಡಂ? ಈ ತೊಟ್ಟಿ ಪೂರ್ತಿ ಇಳಿಸಿ ನಾಲ್ಕ್ ಪಿಲ್ಲರ್ ಎಬ್ಬಿಸಿ ಮೇಲೆ ಶೀಟ್ ಹಾಕ್ತೀನಿ. ಹೂ ಬರೋಷ್ಟರಲ್ಲಿ ಬೀಗದ ಕೈ ನಿಮ್ಮ ಕೈಲಿರ್ತದೆ.” ಅವತ್ತೇ ವಯನಾಡಿನವರ ಫೋನ್ ಬಂತು. “ಪಣಿ ಹೇಗೆ ಟೀಚರೇ, ಮುಗೀತಾ ಬಂತಾ?” ಕೆಲಸ ನಡೆಯುತ್ತಿದೆ ಎಂದೆ. ಪಕ್ಕದ ಹೊಲದಲ್ಲಿ ಎರಡೆಲೆ ಒಡೆದಿತ್ತು.

ಪಿಲ್ಲರು ಎಬ್ಬಿಸಿದರೆ ಮನೆ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ, ಆದರೆ ಅವರು ಕೇಳಿದ ಮನೆ ಅದಲ್ಲ. ಕಂಬ ನಿಲ್ಲಿಸಲು ಹೋದರೆ ಹೊತ್ತಿಗೆ ಮುಗಿಯುತ್ತದೋ ಇಲ್ಲವೋ. ಎರಡರಲ್ಲೂ ಗುತ್ತಿಗೆ ತಪ್ಪಬಹುದು. ಕಂಟ್ರಾಕ್ಟರಿಗೆ ಬೇಡ ಎಂದು ಹೇಳಿ, ಮೇಸ್ತ್ರಿಯನ್ನು ಹುಡುಕಿಕೊಂಡು ಹೊರಟೆ. ಆ ಸೂರಿನ ಒಂದೊಂದು ರೀಪರೂ ಅವನೇ ಹೊಡೆದದ್ದು, ಯಾವುದು ಎಲ್ಲಿತ್ತು ಎಂದು ಅವನಿಗೆ ಗೊತ್ತು. ಕಾರಣ ಅದೇ ಎಂದು ಅವತ್ತು ಬರೆದುಕೊಂಡಿದ್ದೇನೆ. ಇಷ್ಟು ದಿನದಲ್ಲಿ ನನ್ನೊಡನೆ ಜಗಳವಾಡಿದವನೂ ಅವನೇ, ನಕ್ಕವರೂ ಅವನ ಕಡೆಯವರೇ. ಅದನ್ನು ಬರೆದಿಲ್ಲ.

ಅವನು ಸಂತೆಮರಹಳ್ಳಿಯಲ್ಲಿ ಒಂದು ಅಂಗಡಿ ಮಳಿಗೆಯ ಕೆಲಸಕ್ಕೆ ಹೋಗಿದ್ದ. ಸಂತೆಯ ದಿನ. ಬಸ್ಸಿನಿಂದ ಇಳಿದು, ಈರುಳ್ಳಿ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಹೋದರೆ ಟೀ ಅಂಗಡಿಯ ಬೆಂಚಿನಲ್ಲಿ ಅಕ್ಕಪಕ್ಕ ಕೂತಿದ್ದರು, ಅವನು ಮತ್ತು ನಾದಿನಿ. ಅವಳೇ ಮೊದಲು ಕಂಡಳು.

“ಬಾವ, ಬಂದ್ರು ನೋಡಪ್ಪ ನಿನ್ ಗೌಂಡಿ ಮೇಡಮ್ನೋರು.”

ಬಸ್ಸಿನಲ್ಲಿ ಬರುವಾಗ ಅವರ ಮಾತಿನಲ್ಲಿ ಒಂದೆರಡು ವಾಕ್ಯ ಜೋಡಿಸಿಕೊಂಡಿದ್ದೆ. ಅದು ಬಾಯಿಗೆ ಬರಲಿಲ್ಲ.

“ನೋಡ್ರಿ ಮೇಸ್ತ್ರಿ,” ಎಂದೆ. “ಕಂಬ ತಗೀಬ್ಯಾಡ್ರಿ ಅನ್ಬೇಕಾಗಿತ್ತು ನಾ ಅವತ್ತ. ನಿಮ್ಮ ಮಾತು ಆಡಾಕ ಹೋಗಿ ಕೆಟ್ಟೆ.”

ಅವನು ಗ್ಲಾಸು ಕೆಳಗಿಟ್ಟ. “ಇಂಗ್ ಅಂದಿದ್ರೆ ಮುಟ್ತಿದ್ನಾ ಮೇಡಮ್ನೋರೆ?”

“ನಿಮ್ದೂ ಒಂದ ಬೊಂಬು.”

“ಅದು ನಂದು,” ಎಂದ. ಇನ್ನೊಂದು ಗ್ಲಾಸಿಗೆ ಅಂಗಡಿಯವನ ಕಡೆ ಬೆರಳೆತ್ತಿದ. “ಒಂದು ನಂದು, ಒಂದು ನಿಮ್ದು. ಟೀ ಕುಡೀರಿ.”

ಕಂಬದ ವಿಷಯ ಹೇಳಿದೆ. ಅವನಿಗೆ ಒಪ್ಪಿಗೆಯಾಗಲಿಲ್ಲ. ಕಲ್ಲು ಎತ್ತರವಾದಷ್ಟೂ ಕಂಬ ಅಲುಗಾಡುತ್ತದೆ, ಕಾಂಕ್ರೀಟೇ ಸರಿ ಎಂದ. ಕಲ್ಲಿಗೂ ಕಂಬಕ್ಕೂ ತೂತು ಕೊರೆದು ನಡುವೆ ಕಬ್ಬಿಣದ ಸರಳು ಕೊಟ್ಟರೆ ಅಲುಗಾಡುವುದಿಲ್ಲ ಎಂದೆ. ನೋಡನ ಎಂದ. ನಾದಿನಿ, “ಕುಂಟಂಗೆ ಎತ್ರದ್ ಚಪ್ಲಿ ಆಕ್ದಂಗೆ,” ಎಂದಳು. ಅಂದಿನಿಂದ ಅದರ ಹೆಸರು ಕುಂಟ.

“ಒಂದ್ ಕರಾರು,” ಎಂದ ಮೇಸ್ತ್ರಿ ಏಳುವಾಗ. “ಕೆಲ್ಸದ್ ಮಾತಲ್ಲಿ ಬುಡಿ ಅನ್ನಂಗಿಲ್ಲ. ನೀವೂ ಅಷ್ಟೇ, ನಾವೂ ಅಷ್ಟೇ. ಮಾಡಿ, ಇಲ್ಲಾ ಬ್ಯಾಡ. ಅನ್ಮಾನ ಬಂದ್ರೆ ತಿರುಗ್ ಕೇಳ್ಬೇಕು. ಬುಡಿ ಅಂದೋರು ಎಲ್ರಿಗೂ ಟೀ ಕೊಡುಸ್ಬೇಕು.”

“ಆಯ್ತು ಬುಡು ಬಾವ,” ಎಂದಳು ನಾದಿನಿ. ಮೊದಲ ಟೀ ಅವಳದೇ ಆಯಿತು.

ಕಲ್ಲು ಸಿಗುವುದು ಕಷ್ಟವಾಗಲಿಲ್ಲ. ಚಾಮರಾಜನಗರದ ಸುತ್ತ ಕರಿಕಲ್ಲಿನ ಕ್ವಾರಿಗಳು, ಕೊಯ್ದು ಉಳಿದ ತುಂಡುಗಳು ರಸ್ತೆಯ ಪಕ್ಕದಲ್ಲೇ ರಾಶಿ ಬಿದ್ದಿರುತ್ತವೆ. ಕಷ್ಟವಾದದ್ದು ತೊಲೆ ಎತ್ತುವುದು. ಲಾರಿಯ ಜಾಕಿಗಳನ್ನು ಕೇಳಿ ತಂದು, ದಪ್ಪ ದಿಮ್ಮಿಗಳ ಮೇಲೆ ನಿಲ್ಲಿಸಿ, ಎರಡೂ ಕಡೆ ಸಮನಾಗಿ ತಿರುಗಿಸಬೇಕು. ಒಂದು ಕಡೆ ಮುಂದಾದರೆ ಗೋಡೆ ಬಾಯಿ ಬಿಡುತ್ತದೆ. ಮೊದಲ ಸಲ ಹಾಗೇ ಆಯಿತು. ಬಿರುಕಿನಿಂದ ಮಣ್ಣು ಉದುರತೊಡಗಿದಾಗ ನಾನು “ಬ್ಯಾಡ” ಎಂದು ಕೂಗಿದೆ, ಎಲ್ಲರೂ ಕೈ ತೆಗೆದರು. ಜಾಕಿ ಇಳಿಸಿ, ಬಿರುಕಿಗೆ ಹುಲ್ಲು ಸೇರಿಸಿ ಕಲಸಿದ ಮಣ್ಣು ತುಂಬಿ, ಅದು ಒಣಗುವವರೆಗೆ ಕಾದೆವು. ಹೊಲದಲ್ಲಿ ಗಿಡ ಮಂಡಿಗೆ ಬಂದಿತ್ತು. ಆಮೇಲೆ ದಿನಕ್ಕೆ ಸ್ವಲ್ಪವೇ ಎತ್ತುವುದು, ಗೋಡೆಯನ್ನು ನೋಡುವುದು, ಮಾರನೆಯ ದಿನ ಮತ್ತೆ ಸ್ವಲ್ಪ. ಎತ್ತದ ಹೊತ್ತಿನಲ್ಲಿ ಬೇರೆ ಗೋಡೆಗಳಿಗೆ ಸುಣ್ಣದ ಗಾರೆ. ಆಳುಗಳು ಬೆಳಿಗ್ಗೆಯಿಂದ ಸಂಜೆವರೆಗೆ ಟೀ ಸೋಲುತ್ತಿದ್ದರು. “ಬುಡಿ ಅನ್ದೆ ಎಂಗ್ ಮಾತಾಡದು, ಬಾಯ್ ಒಲ್ಕಂಡಿರ್ಬೇಕಾ?” ಎಂದು ನಾದಿನಿ ಜಗಳಕ್ಕೆ ಬಂದಳು. ಅದಕ್ಕೂ ಒಂದು ಟೀ ಹಾಕಿದೆವು.

ತೊಲೆ ಬೇಕಾದ್ದಕ್ಕಿಂತ ಬೆರಳಷ್ಟು ಮೇಲೆ ಬಂದ ದಿನ ಕಲ್ಲು ಕೂರಿಸಿ, ಸರಳು ನೆಟ್ಟು, ಕಂಬದ ಕತ್ತರಿಸಿದ ಮುಖಕ್ಕೆ ಗೆದ್ದಲು ಹತ್ತದಂತೆ ಗೇರೆಣ್ಣೆ ಕುಡಿಸಿ ಎತ್ತಿ ನಿಲ್ಲಿಸಿದೆವು. ಜಾಕಿಗಳನ್ನು ಎರಡೂ ಕಡೆ ಸಮನಾಗಿ ಇಳಿಸಿದೆವು. ತೊಲೆ ಕಂಬದ ತಲೆಗೆ ಕೂತಾಗ ಒಂದು ಸಣ್ಣ ಕಿರುಗುಟ್ಟುವಿಕೆ, ಅಷ್ಟೆ. ಮೇಸ್ತ್ರಿ ಕಂಬವನ್ನು ಭುಜದಿಂದ ನೂಕಿ ನೋಡಿದ. ಸುತ್ತಿಗೆಯ ಹಿಡಿಯಿಂದ ಬಡಿದ. ಟಣ್ ಎಂದಿತು.

ವಯನಾಡಿನವರು ಬಂದಾಗ ಹೊಲದ ಅಂಚಿನಲ್ಲಿ ಒಂದೆರಡು ಹೂ ಅರಳಿದ್ದವು. ಕೊನೆಯ ಸಾಲಿನ ಹೆಂಚು ಇನ್ನೂ ಕೂರುತ್ತಿತ್ತು. ಅವರು ತೊಟ್ಟಿಗೆ ಇಳಿದು ಒಂದೊಂದೇ ಕಂಬ ಮುಟ್ಟಿ ನೋಡುತ್ತಾ ಕುಂಟನ ಹತ್ತಿರ ನಿಂತರು.

“ಇದರ ಕಲ್ಲು ಮಾತ್ರ ಎತ್ತರ ಯಾಕೆ?”

ನಾನು ಉತ್ತರ ಹುಡುಕುವಷ್ಟರಲ್ಲಿ ಸೂರಿನ ಮೇಲಿಂದ ಮೇಸ್ತ್ರಿ, “ಅದುಕ್ಕೊಂದ್ ಫೋನ್ ಬಂದಿತ್ತು ಸಾರ್,” ಎಂದ.

ಅವರಿಗೆ ಅರ್ಥವಾಗಲಿಲ್ಲ. ನಡೆದದ್ದನ್ನು ನಾನು ಬಿಡಿಸಿ ಹೇಳಿದೆ, ಬಿದ್ದದ್ದೂ ಸೇರಿ. ಅವರು ಬಗ್ಗಿ ಕಲ್ಲನ್ನೂ ಮರವನ್ನೂ ಕೂಡಿಸಿದ ಜಾಗದಲ್ಲಿ ಉಗುರು ಇಟ್ಟು ನೋಡಿದರು. ಹೊರಗೆ ಹೋಗಿ ಹೊಲ ನೋಡಿ ಬಂದರು. “ಬಂದವರಿಗೆ ಹೇಳಲಿಕ್ಕೆ ಒಂದು ಕಥೆ ಆಯ್ತು,” ಎಂದರು. ಗೇಟಿನ ಹೊತ್ತಾಗುತ್ತದೆ ಎಂದು ಅವಸರದಲ್ಲಿ ಜಗಲಿಯ ಮೇಲೇ ಸಹಿ ಹಾಕಿದರು.

ಹಾಗೆ ನಾನು ಅಂದುಕೊಂಡದ್ದೆಲ್ಲ ಆಯಿತು. ಮಂಚವನ್ನೂ ಒಲೆಯನ್ನೂ ನಾದಿನಿಗೆ ಕೊಟ್ಟೆ. ಮೈಸೂರಿನಲ್ಲಿ ಒಂದು ಕೋಣೆ ನೋಡಿ ಇಟ್ಟಿದ್ದೆ. ಕೊನೆಯ ಬೆಳಿಗ್ಗೆ ಖಾಲಿ ತೊಟ್ಟಿಯಲ್ಲಿ ಕುಂಟನಿಗೆ ಒರಗಿ ಕೂತಾಗ ಒಂದು ವಿಷಯ ತಿಳಿಯಿತು, ಅಥವಾ ಈಗ ತಿಳಿದದ್ದನ್ನು ಆಗ ತಿಳಿಯಿತು ಎಂದು ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಯಾರಾದರೂ ಇರಲಿ ಎಂದು ಅಷ್ಟು ಕಷ್ಟಪಟ್ಟೆ, ಆ ಯಾರಾದರೂ ನಾನೂ ಆಗಬಹುದು ಎನ್ನುವುದನ್ನು ಒಮ್ಮೆಯೂ ಯೋಚಿಸಲಿಲ್ಲ. ಹೊರಗೆ ಹೊಲ ಪೂರ್ತಿ ಹೂ ಬಿಟ್ಟಿತ್ತು. ಬೀಗದ ಕೈ ಕೊಟ್ಟು ಆಟೋ ಹತ್ತಿದೆ.

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಮೈಸೂರಿನ ಬಸ್ಸು ಎಂಜಿನ್ ಶುರು ಮಾಡಿ ನಿಂತಿತ್ತು. ಕಿಟಕಿಯ ಪಕ್ಕ ಕೂತಾಗ ಮೇಸ್ತ್ರಿಯ ಫೋನ್ ಬಂತು.

“ಎಲ್ಲಿದ್ದೀರಿ ಮೇಡಮ್ನೋರೆ?”

“ಬಸ್ಸಿನ್ಯಾಗ ಅದೀನ್ರಿ. ಇನ್ನೇನು ಹೊರಡ್ತೈತಿ.”

ಅವನ ಕಡೆ ಗಾರೆ ಕಲಸುವ ಸದ್ದು, ನನ್ನ ಕಡೆ ಎಂಜಿನ್ನು. ಅವನು ಏನೋ ಅಂದ. ಕಂಡಕ್ಟರು ಸೀಟಿ ಊದಿದ. ‘ಓಗ್ಬುಡಿ’ ಎಂದನೋ, ಹೋಗಬೇಡಿ ಎಂದು ‘ಓಗದ್ ಬುಡಿ’ ಎಂದನೋ, ಎರಡರಲ್ಲೂ ‘ಬುಡಿ’ ಇತ್ತು.

ಅನುಮಾನ ಬಂದರೆ ತಿರುಗಿ ಕೇಳಬೇಕು ಎನ್ನುವುದು ನಮ್ಮ ಕರಾರು. “ಟೀ ನಿಮ್ ಲೆಕ್ಕ ಮೇಸ್ತ್ರಿ,” ಎಂದಷ್ಟೇ ಅಂದೆ. ಅವನು ನಕ್ಕ. ಬಸ್ಸು ಹೊರಟಿತು.